ಸಿಮೆಂಟ್ ಕಂಪನಿಗೆ ಯಾವ ವಿಷಯ ದೊಡ್ಡದು: ಯಾರನ್ನು, ಯಾವಾಗ, ಹೇಗೆ ಕೇಳಬೇಕು

ಮಾರುಕಟ್ಟೆ ಮೌಲ್ಯದಲ್ಲಿ ಷೇರುಪೇಟೆಯ ಮೊದಲ 1000 ಕಂಪನಿಗಳಿಗೆ ಷೇರುಪೇಟೆ ನಿಯಂತ್ರಕ ಸೆಬಿ 2022-23ರಿಂದ ಬಿಆರ್‌ಎಸ್‌ಆರ್ ವರದಿ, ಅಂದರೆ ಪರಿಸರ, ಸಮಾಜದ ಬಗ್ಗೆ ಕಂಪನಿಯ ಹೊಣೆಗಾರಿಕೆಯ ವರದಿ, ಕಡ್ಡಾಯ ಮಾಡಿದೆ. ಕಂಪನಿಗೆ ಮುಖ್ಯವಾದ ವಿಷಯ ಯಾವುದು, ಅದು ಅಪಾಯವೋ ಅವಕಾಶವೋ, ಏಕೆ, ಅಪಾಯಕ್ಕೆ ಪರಿಹಾರವೇನು, ಹಣದ ಮೇಲೆ ಪರಿಣಾಮವೇನು ಎಂದು ಅದರಲ್ಲಿ ಬರೆಯಬೇಕು. ಆ ವಿಷಯಗಳನ್ನು ಆರಿಸುವ ಕೆಲಸವೇ ಮೆಟೀರಿಯಾಲಿಟಿ ಅಸೆಸ್‌ಮೆಂಟ್. ಬೇರೆ ಕಂಪನಿಯ ಪಟ್ಟಿ ನೋಡಿ ಕಾಲಂ ತುಂಬಿದರೆ ವರದಿಯೇನೋ ಆಗುತ್ತದೆ, ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರದ ಸಿಮೆಂಟ್ ಕಾರ್ಖಾನೆಯ ಸಂಗತಿ ಅದರಲ್ಲಿ ಇರುವುದಿಲ್ಲ.

ಪಟ್ಟಿಯನ್ನು ಕೆಲಸದ ಹಾದಿಯಲ್ಲೇ ಕಟ್ಟಿ: ಗಣಿ, ಕ್ರಷರ್, ಕಿಲ್ನ್ (ಸುಣ್ಣದಕಲ್ಲು ಸುಡುವ ಕುಲುಮೆ), ಪ್ಯಾಕಿಂಗ್, ಲಾರಿ. ಗಣಿಯಲ್ಲಿ ಸ್ಫೋಟದ ಕಂಪನ, ಅಂತರ್ಜಲ, ಪಕ್ಕದ ತೊಗರಿ ಹೊಲ. ಕಿಲ್ನ್‌ನಲ್ಲಿ ಇಂಗಾಲ, ಸಿಮೆಂಟಿನ ಇಂಗಾಲದಲ್ಲಿ ಅರ್ಧಕ್ಕಿಂತ ಹೆಚ್ಚು ಸುಣ್ಣದಕಲ್ಲಿನಿಂದಲೇ ಹೊರಬೀಳುತ್ತದೆ, ಸೋಲಾರ್ ಹಾಕಿದ ಮಾತ್ರಕ್ಕೆ ಅದು ಇಳಿಯದು. ಪ್ಯಾಕಿಂಗ್‌ನಲ್ಲಿ ಗುತ್ತಿಗೆ ಕಾರ್ಮಿಕರ ಉಸಿರಿಗೆ ಹೋಗುವ ಧೂಳು. ಹದಿನೈದಿಪ್ಪತ್ತು ವಿಷಯ ಸಾಕು.

ಇದರಲ್ಲಿ ಯಾವುದು ದೊಡ್ಡದು ಎಂದು ಹಳ್ಳಿಗರನ್ನು, ಕಾರ್ಮಿಕರನ್ನು ಕೇಳಬೇಕು, ಕೇಳುವ ಕಾಲ ಬಹಳ ಮುಖ್ಯ. ಆಗಸ್ಟ್‌ನಲ್ಲಿ ಹಳ್ಳಿಗೆ ಹೋದರೆ ಮಳೆಗೆ ಧೂಳು ಅಡಗಿರುತ್ತದೆ, ಬಾವಿಯಲ್ಲಿ ನೀರಿರುತ್ತದೆ. ಎರಡು ದೊಡ್ಡ ವಿಷಯಗಳು ಕೆಳಗಿಳಿದುಬಿಡುತ್ತವೆ. ಡಿಸೆಂಬರ್, ಜನವರಿಯಲ್ಲಿ ತೊಗರಿ ರಾಶಿ, ರೈತರು ಸಿಗುವುದಿಲ್ಲ. ಏಪ್ರಿಲ್, ಮೇ ಸರಿ. ಬಿಸಿಲು ಜೋರು, ಸಂಜೆ ಕೂರಿಸಿ. ಆರೆಂಟು ಜನರ ಗುಂಪು, ಹೆಂಗಸರದು ಬೇರೆ. ಗುತ್ತಿಗೆ ಕಾರ್ಮಿಕರನ್ನು ಗುತ್ತಿಗೆದಾರ, ಸೂಪರ್‌ವೈಸರ್ ಇಬ್ಬರೂ ಇಲ್ಲದ ಕಡೆ ಕೇಳಿ, ಕನ್ನಡದಲ್ಲೂ ಹಿಂದಿಯಲ್ಲೂ. ‘ಗಾಳಿಯ ಗುಣಮಟ್ಟ ಎಷ್ಟು ಮುಖ್ಯ, 1ರಿಂದ 5’ ಎಂದು ಕೇಳಬೇಡಿ. ಎಲ್ಲರೂ ಎಲ್ಲಕ್ಕೂ 5 ಕೊಡುತ್ತಾರೆ. ಹೋದ ವರ್ಷದಿಂದ ಏನು ಬದಲಾಗಿದೆ, ಯಾರಿಗೆ ಹೆಚ್ಚು ತೊಂದರೆ ಎಂದು ಕೇಳಿ, ಕೊನೆಗೆ ಮೂರನ್ನು ಮಾತ್ರ ಆರಿಸಲು ಹೇಳಿ.

ಅಂಕ ಕೊಡುವಾಗ ಎರಡು ಹಾಳೆ ಇಡಿ. ಒಂದು, ಜನ ಮತ್ತು ಪರಿಸರದ ಮೇಲಿನ ಪರಿಣಾಮ. ಇಂಥ ವರದಿಗಳ ಅಂತರರಾಷ್ಟ್ರೀಯ ಮಾನದಂಡವಾದ ಜಿಆರ್‌ಐ 3 ಹೇಳುವಂತೆ ಎಷ್ಟು ಗಂಭೀರ, ಎಷ್ಟು ವ್ಯಾಪಕ, ಸರಿಪಡಿಸಲು ಆಗುತ್ತದೆಯೇ, ಆಗುವ ಸಂಭವ ಎಷ್ಟು. ಇನ್ನೊಂದು ಹಣಕಾಸಿನದು, ಅದನ್ನು ಅಕೌಂಟ್ಸ್ ವಿಭಾಗ ರೂಪಾಯಿ ಲೆಕ್ಕದಲ್ಲೇ ತುಂಬಲಿ.

ಹೆಚ್ಚಿನ ಕಡೆ ಎಡವುವುದು ಗಂಭೀರತೆಯ ಅಂಕವನ್ನು ಸಂಭವದ ಅಂಕದಿಂದ ಗುಣಿಸುವಲ್ಲಿ. ಕಾರ್ಮಿಕನ ಸಾವಿನ ಅಪಾಯಕ್ಕೆ ಗಂಭೀರತೆ 5, ಸಂಭವ 1: ಗುಣಿಸಿದರೆ 5. ಕಚೇರಿಯ ಕಾಗದ ಬಳಕೆಗೆ 2 ಮತ್ತು 4: ಗುಣಿಸಿದರೆ 8. ಎಕ್ಸೆಲ್‌ನಲ್ಲಿ ಕಾಗದ ಮೇಲೇರಿತು! ಮಾನವ ಹಕ್ಕಿನ ವಿಷಯದಲ್ಲಿ ಸಂಭವಕ್ಕಿಂತ ಗಂಭೀರತೆಯೇ ಮೇಲು ಎಂದು ಜಿಆರ್‌ಐ ಸ್ಪಷ್ಟವಾಗಿ ಹೇಳುತ್ತದೆ. ಗಂಭೀರತೆ 5 ಇದ್ದದ್ದು ನೇರ ಅಂತಿಮ ಪಟ್ಟಿಗೆ ಎಂಬ ನಿಯಮವನ್ನು, ಕಟ್‌ಆಫ್ ಅಂಕದ ಜೊತೆ, ಅಂಕ ಹಾಕುವ ಮೊದಲೇ ಬರೆದಿಡಿ. ಸರಾಸರಿಯೂ ಅಷ್ಟೇ ಅಪಾಯ. 40 ಮ್ಯಾನೇಜರ್‌ಗಳ ಉತ್ತರಕ್ಕೆ 10 ಹಳ್ಳಿಗರದ್ದು ಸೇರಿಸಿ ಭಾಗಿಸಿದರೆ ಮ್ಯಾನೇಜರ್‌ಗಳದ್ದೇ ಉಳಿಯುತ್ತದೆ. ಗುಂಪುವಾರು ತೋರಿಸಿ, ಅಂತರ ಹೆಚ್ಚಿದ್ದಲ್ಲಿ ಮತ್ತೆ ಮಾತಾಡಿ.

ನಿರ್ದೇಶಕ ಮಂಡಳಿ ಒಪ್ಪಿದ ಮೇಲೆ ಪಟ್ಟಿಯನ್ನು ಗ್ರಾಮ ಪಂಚಾಯಿತಿಯಲ್ಲಿ ಕನ್ನಡದಲ್ಲಿ ಓದಿ ಹೇಳಿ, ಯಾವುದನ್ನು ಏಕೆ ಬಿಟ್ಟಿರಿ ಎಂಬುದನ್ನೂ ಸೇರಿಸಿ. ಪ್ರತಿ ವರ್ಷ ಒಮ್ಮೆ ಪರಿಶೀಲನೆ, ಎರಡು ಮೂರು ವರ್ಷಕ್ಕೆ ಪೂರ್ತಿ ಸುತ್ತು. ನಡುವೆ ಹೊಸ ಗಣಿ ಗುತ್ತಿಗೆ ಸಿಕ್ಕರೆ ಅಥವಾ ಎರಡನೇ ಕಿಲ್ನ್ ಬಂದರೆ ಆ ಭಾಗವನ್ನು ಕೂಡಲೇ ಮತ್ತೆ ಮಾಡಿ.