ಹಂತಿ ತುಳಿದ ಡ್ರೋನು

ನಮ್ಮ ಆಫೀಸಿನ ವಾಟ್ಸಾಪ್ ಗ್ರೂಪಿನಲ್ಲಿ ದಿನಾ ಬೆಳಗ್ಗೆ 6ಕ್ಕೆ ಒಂದು ಮೆಸೇಜ್ ಬರುತ್ತದೆ. "ಕಂಪಾಸ್ ಕ್ಯಾಲಿಬ್ರೇಷನ್ ವಿಡಿಯೋ ಹಾಕದೆ ಯಾರೂ ಟೇಕಾಫ್ ಮಾಡಬಾರದು." ಅಂದರೆ ಡ್ರೋನನ್ನು ಸುತ್ತು ತಿರುಗಿಸಿ ಅದರ ದಿಕ್ಸೂಚಿಯನ್ನು ಸರಿಹೊಂದಿಸೋದು. ಎರಡು ವರ್ಷದಿಂದ ಎದುರು ಮಾತಾಡದೆ ವಿಡಿಯೋ ಹಾಕುತ್ತಾ ಬಂದಿದ್ದೇನೆ. ಹೋದ ತೊಗರಿ ಸೀಸನ್‌ನಲ್ಲಿ ಡ್ರೋನು ಬಿದ್ದ ದಿನವೂ ಹಾಕಿದ್ದೆ. ಬಿದ್ದದ್ದೇ ಆ ಕ್ಯಾಲಿಬ್ರೇಷನ್‌ನಿಂದ ಅಂದರೆ ಮ್ಯಾನೇಜರಿಗೆ ಈಗಲೂ ಸಿಟ್ಟು ಬರುತ್ತದೆ.

ನಾನು ಓಡಿಸೋದು ಬೆಳೆಗೆ ಎಣ್ಣಿ (ಕೀಟನಾಶಕ) ಹೊಡೆಯೋ ಡ್ರೋನು. 10 ಲೀಟರ್ ಟ್ಯಾಂಕ್, ತುಂಬಿದರೆ 25 ಕೆಜಿ ಹತ್ತಿರ ಹೋಗುತ್ತದೆ. ನವೆಂಬರ್ ಬಂತೆಂದರೆ ಕಲಬುರಗಿ ಕಡೆ ತೊಗರಿ ಆಳೆತ್ತರ ನಿಂತಿರುತ್ತದೆ, ಹೂವು ಕಾಯಿ ಜೊತೆಗೇ ಕೀಡಿ ಬೀಳುತ್ತದೆ, ಬೆನ್ನಿಗೆ ಪಂಪ್ ಕಟ್ಟಿಕೊಂಡು ಒಳಗೆ ಹೋದವನಿಗೆ ಮುಂದೆ ಏನೂ ಕಾಣಲ್ಲ. ಹಾಗಾಗಿ ಆ ಒಂದೂವರೆ ತಿಂಗಳು ನಮಗೆ ನಿದ್ದೆ ಇಲ್ಲ. ಹಿಂದಿನ ದಿನ ಹುಮನಾಬಾದ್ ಕಡೆ ಕೆಲಸ ಮುಗಿಸಿ, ರಾತ್ರಿ ಕಲಬುರಗಿಯಲ್ಲಿ ಮಲಗಿ, ಬೆಳಗ್ಗೆ ಜೇವರ್ಗಿ ದಾಟಿ ಒಂದು ಊರಿಗೆ ಹೋಗಿದ್ದೆವು. ಅಂದರೆ ಡ್ರೋನು ಒಂದೇ ರಾತ್ರಿಯಲ್ಲಿ 100 ಕಿ.ಮೀ. ಜಾಗ ಬದಲಿಸಿತ್ತು. ಆ ದಿನ ಕ್ಯಾಲಿಬ್ರೇಷನ್ ಮಾಡಬೇಕಾಗಿದ್ದದ್ದು ನಿಜ. ಅದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ಆದರೆ ರಾತ್ರಿ ಅಕಾಲಿಕ ಮಳೆ ಬಿದ್ದಿತ್ತು. ಎರೆ ಹೊಲದಲ್ಲಿ ಮಳೆ ಆದ ಮರುದಿನ ನಡೆದವರಿಗೆ ಗೊತ್ತು, ನಾಲ್ಕು ಹೆಜ್ಜೆಗೆ ಒಂದೊಂದು ಬೂಟಿಗೆ ಎರಡೆರಡು ಕೆಜಿ ಮಣ್ಣು. ಅದರಲ್ಲಿ ಇಬ್ಬರು ಡ್ರೋನು ಎತ್ತಿ ಹಿಡಿದು ಪಲ್ಲಕ್ಕಿ ಹೊತ್ತವರ ಹಾಗೆ ಸುತ್ತು ತಿರುಗಬೇಕು, ಆಮೇಲೆ ಮೂತಿ ಕೆಳಗೆ ಮಾಡಿ ಇನ್ನೊಂದು ಸುತ್ತು. ಜಾರಿ ಬಿದ್ದರೆ ಯಾರು ಕೇಳ್ತಾರೆ? ಹೊಲದ ಬಾಯಲ್ಲಿ ಕಾಲುವೆ ಮೇಲೆ ಒಂದು ಆರ್‌ಸಿಸಿ ಮೋರಿ ಇತ್ತು. ಒಣಗಿತ್ತು, ಸಮ ಇತ್ತು. ಪಕ್ಕದಲ್ಲೇ ನಮ್ಮ ಪಿಕಪ್, ಪಿಕಪ್‌ನಲ್ಲಿ ಜನರೇಟರ್. ಹೆಲ್ಪರ್ ಜೇಬಿನಲ್ಲಿ ಪಾನಾ ಸೆಟ್. ನನ್ನ ಶರ್ಟಿನ ಜೇಬಿನಲ್ಲಿ ಒಂದು ಫೋನು, ವಿಡಿಯೋ ಮಾಡಲು ಡ್ರೈವರ್ ಕೈಯಲ್ಲಿ ಇನ್ನೊಂದು. ಎಲ್ಲ ಅನುಕೂಲವೂ ಒಂದೇ ಕಡೆ ಸೇರಿತ್ತು.

ಮೊದಲ ಸಲ ಫೇಲ್. ಎರಡನೇ ಸಲ ಫೇಲ್. ಅಲ್ಲಿಗೇ ನನಗೆ ತಿಳಿಯಬೇಕಿತ್ತು. ಬದಲಿಗೆ ಸರ್ವಿಸ್ ಇಂಜಿನಿಯರ್‌ಗೆ ಫೋನ್ ಹಚ್ಚಿದೆ. ಅವರು ಹೇಳಿದ್ದು, "ಲ್ಯಾಪ್‌ಟಾಪ್ ಕನೆಕ್ಟ್ ಮಾಡಿ, ಮಿಷನ್ ಪ್ಲಾನರ್‌ನಲ್ಲಿ ಫಿಟ್‌ನೆಸ್ ರಿಲ್ಯಾಕ್ಸ್ಡ್‌ಗೆ ಹಾಕಿ, ಆಗಿಬಿಡುತ್ತೆ." ಆಯ್ತು. ಮಿಷನ್ ಪ್ಲಾನರ್ ಅಂದರೆ ಡ್ರೋನಿನ ಸೆಟ್ಟಿಂಗ್ ಬದಲಿಸೋ ಸಾಫ್ಟ್‌ವೇರ್, ಫಿಟ್‌ನೆಸ್ ಅಂದರೆ ಎಷ್ಟು ತಪ್ಪಿದ್ದರೂ ಪಾಸ್ ಅನ್ನೋ ಮಿತಿ. ಡೀಫಾಲ್ಟ್ 16 ಇದ್ದದ್ದು 32 ಆಯಿತು, ಹಸಿರು ಬಂತು, ಸಕ್ಸೆಸ್ ಅಂತ ಬಂತು. ಪರೀಕ್ಷೆಯಲ್ಲಿ ಹುಡುಗ ಫೇಲ್ ಆದ ಅಂತ ಪಾಸ್ ಮಾರ್ಕ್ಸನ್ನೇ ಇಳಿಸಿದ ಹಾಗೆ. ಆಗ ಇದೆಲ್ಲ ತಲೆಗೆ ಹೋಗಲಿಲ್ಲ. 8 ಗಂಟೆ ಆಗಿತ್ತು, ಗಾಳಿ ಏಳುವ ಮುಂಚೆ ಆರು ಎಕರೆ ಮುಗಿಸಬೇಕಿತ್ತು, ಹೊಲದ ಕಾಕಾ ಆಗಲೇ ಮೂರು ಸಲ "ಇನ್ನಾ ಎಷ್ಟೊತ್ತು ತಮ್ಮಾ?" ಅಂದಿದ್ದರು.

ಡ್ರೋನನ್ನು ಮೋರಿಯಿಂದ 40 ಹೆಜ್ಜೆ ಒಳಗೆ ಒಡ್ಡಿನ ಮೇಲೆ ಇಟ್ಟೆವು. ಮೂತಿ ಬೇವಿನ ಮರದ ಕಡೆಗಿತ್ತು. ಟ್ಯಾಬ್ ನೋಡಿದೆ. ಮ್ಯಾಪಿನಲ್ಲಿ ಮೂತಿಯ ದಿಕ್ಕು ಹೇಳುವ ಬಾಣದ ಗುರುತು ಬಾವಿಯ ಕಡೆ ತೋರಿಸುತ್ತಿತ್ತು. ಮರಕ್ಕೂ ಬಾವಿಗೂ ನಡುವೆ ಕಾಲು ಸುತ್ತಿನಷ್ಟು ವ್ಯತ್ಯಾಸ. ಇದನ್ನು ನಾನು ನೋಡಿದೆ. ಕಣ್ಣಾರೆ ನೋಡಿ, "ನೆಟ್‌ವರ್ಕ್ ಇಲ್ಲ, ಮ್ಯಾಪ್ ಹ್ಯಾಂಗ್ ಆಗಿದೆ" ಅಂದುಕೊಂಡೆ. ಬಾಣಕ್ಕೂ ಜಿಯೋಗೂ ಏನು ಸಂಬಂಧ? ಈಗಲೂ ರಾತ್ರಿ ಮಲಗಿದಾಗ ಆ ಬಾಣ ಕಾಣುತ್ತದೆ.

ಟೇಕಾಫ್. ಮೂರು ಮೀಟರ್ ಏರಿ ನಿಂತಿತು. ಎರಡು ಸೆಕೆಂಡ್ ಸರಿ ಇತ್ತು. ಆಮೇಲೆ ಮೆಲ್ಲಗೆ ಎಡಕ್ಕೆ ಜರುಗಿತು. ಗಾಳಿ ಅಂದುಕೊಂಡು ಬಲಕ್ಕೆ ಸ್ಟಿಕ್ ಕೊಟ್ಟೆ. ಸ್ಟಿಕ್ ಬಿಟ್ಟ ಕೂಡಲೇ ಅದು ತಾನೇ ಜಾಗಕ್ಕೆ ವಾಪಸ್ ಬರಲು ಹೋಗಿ ಇನ್ನೊಂದು ಕಡೆ ಜಾರಿತು, ಅಲ್ಲಿಂದ ತಿರುಗಿ ಮತ್ತೊಂದು ಕಡೆ, ನೋಡನೋಡುತ್ತ ಒಂದು ಸುತ್ತು ಹಾಕಿತು. ಎರಡನೇ ಸುತ್ತು ದೊಡ್ಡದು. ಮೂರನೇ ಸುತ್ತಿಗೆ ವೇಗ ಬಂತು. 10 ಲೀಟರ್ ಔಷಧಿ ಹೊತ್ತ ಯಂತ್ರ ವಾಲಿಕೊಂಡು ಸುತ್ತುವಾಗ ಬರುವ ಸದ್ದು ಮಾಮೂಲಿ ಸದ್ದಲ್ಲ. ಒಡ್ಡಿನ ಮೇಲೆ ಶಾಲೆಗೆ ಹೊರಟಿದ್ದ ನಾಲ್ಕು ಹುಡುಗರು ನಿಂತು ನೋಡುತ್ತಿದ್ದರು, ಚಪ್ಪಾಳೆ ಬೇರೆ ಹೊಡೆದರು. ಆ ಕಡೆ ಕರೆಂಟಿನ ತಂತಿ.

ಹಿಂದಿನಿಂದ ಕಾಕಾ ಕೂಗಿದರು, "ಇದೇನ್ ತಮ್ಮಾ, ಹಂತಿ ತುಳಿಯೋ ಎತ್ತಿನಂಗ ಸುತ್ತಲತ್ತಾದಲ್ಲ! ಮೇಟಿ ಎಲ್ಲದ?"

ನಗುವ ಹೊತ್ತಲ್ಲ. ಕೈ ನಡುಗುತ್ತಿತ್ತು. ಆಗ ನಾನು ಮಾಡಿದ್ದು ಆ ದಿನದ ಅತಿ ದೊಡ್ಡ ತಪ್ಪು. ಆರ್‌ಟಿಎಲ್ ಒತ್ತಿದೆ. ರಿಟರ್ನ್ ಟು ಲಾಂಚ್, ಹಾರಿದ ಜಾಗಕ್ಕೆ, ಅಂದರೆ ಮನೆಗೆ, ತಾನೇ ಬರುತ್ತದೆ ಅಂತ. ದಾರಿ ತಪ್ಪಿದವನಿಗೆ "ನೀನೇ ಮನೆಗೆ ಹೋಗಪ್ಪ" ಅಂದರೆ ಏನಾಗುತ್ತದೆ? 15 ಮೀಟರ್ ಏರಿತು, ಏರುತ್ತಲೇ ಸುತ್ತು ಇನ್ನಷ್ಟು ಅಗಲ ಮಾಡಿಕೊಂಡು ತಂತಿ ದಾಟಿ ಹೋಗಿ ಮತ್ತೆ ಈಚೆ ಬಂತು. "ಹುಡುಗರನ್ನ ಓಡಿಸೋ!" ಅಂತ ಹೆಲ್ಪರ್‌ಗೆ ಕೂಗಿದ್ದು ನೆನಪಿದೆ. ಆಮೇಲೆ ಯಾವಾಗ ಬೆರಳು ಆಲ್ಟ್ ಹೋಲ್ಡ್ ಸ್ವಿಚ್‌ಗೆ ಹೋಯಿತೋ ನೆನಪಿಲ್ಲ. ಆ ಮೋಡ್‌ನಲ್ಲಿ ಡ್ರೋನು ಎತ್ತರ ಮಾತ್ರ ತಾನೇ ಕಾಯ್ದುಕೊಳ್ಳುತ್ತದೆ, ಜಿಪಿಎಸ್ ತಲೆ ಹಾಕಲ್ಲ, ಕಂಪಾಸ್ ಏನೇ ಸುಳ್ಳು ಹೇಳಲಿ ನಡೆಯುತ್ತದೆ, ಬಲಕ್ಕೆ ಅಂದರೆ ಬಲಕ್ಕೆ. ಗಾಳಿಗೆ ಜರುಗುತ್ತದೆ ಅಷ್ಟೆ. ಟ್ರೇನಿಂಗ್ ಮುಗಿದ ಮೇಲೆ ಅದನ್ನು ನಾನು ಒಮ್ಮೆಯೂ ಮುಟ್ಟಿರಲಿಲ್ಲ. ಮುಂದಿನ ತೋಳಿಗೆ ಸುತ್ತಿದ ಕೆಂಪು ಟೇಪ್ ನೋಡಿ ಮೂತಿ ಯಾವ ಕಡೆ ಅಂತ ಲೆಕ್ಕ ಹಾಕಿ, ಹೊಲದ ನಡುವೆ ತಂದು ಇಳಿಸಿದೆ. ಇಳಿಸಿದೆ ಅನ್ನೋದು ದೊಡ್ಡ ಮಾತು. ತೊಗರಿ ತುದಿಗೆ ರೆಕ್ಕೆ ತಗುಲಿ ಹಸಿರು ಚೂರು ಹಾರಿತು, ಮಗ್ಗುಲಿಗೆ ಮಲಗಿತು. ಒಂದು ಕಾಲು, ಎರಡು ಪ್ರೊಪೆಲ್ಲರ್, ಹತ್ತಿಪ್ಪತ್ತು ತೊಗರಿ ಗಿಡ. ಹಾರಾಟದ ದಾಖಲೆ (ಲಾಗ್) ತೆಗೆದು ನೋಡಿದರೆ ಇದೆಲ್ಲ 52 ಸೆಕೆಂಡ್. ನನಗೆ ಅರ್ಧ ಗಂಟೆ ಅನಿಸಿತ್ತು.

ನಾವು ಕೆಲಸದಲ್ಲಿ ಇದಕ್ಕೆ ಟಾಯ್ಲೆಟ್ ಬೌಲ್ ಅಂತೀವಿ. ಕಾಕಾ ಹೇಳಿದ ಹೆಸರೇ ವಾಸಿ. ಕಣದ ನಡುವಿನ ಮೇಟಿ ಕಂಬದ ಸುತ್ತ ಎತ್ತು ತಿರುಗಿಸಿ ತೆನೆ ತುಳಿಸೋದೇ ಹಂತಿ. ಮೇಟಿ ಎಲ್ಲಿದೆ ಅಂತ ಡ್ರೋನಿಗೆ ಗೊತ್ತಿತ್ತು, ಅದನ್ನು ಜಿಪಿಎಸ್ ಹೇಳುತ್ತದೆ. ತನ್ನ ಮೂತಿ ಯಾವ ಕಡೆ ಇದೆ ಅನ್ನೋದು ಗೊತ್ತಿರಲಿಲ್ಲ. ನಿಂತ ಜಾಗದಲ್ಲಿ ಅದನ್ನು ಜಿಪಿಎಸ್ ಹೇಳಲ್ಲ, ಕಂಪಾಸ್ ಹೇಳಬೇಕು. ಪೂರ್ವ ಅಂದುಕೊಂಡು ದಕ್ಷಿಣಕ್ಕೆ ಹೋಗುತ್ತದೆ, ತಪ್ಪಾಯ್ತು ಅಂತ ತಿದ್ದಲು ಹೋಗಿ ಇನ್ನೊಂದು ತಪ್ಪು ದಿಕ್ಕಿಗೆ ಹೋಗುತ್ತದೆ, ಹೀಗೇ ಸುತ್ತು. ಎರಡು ಆಂಟೆನಾದ ಜಿಪಿಎಸ್ ಇದ್ದರೆ ಅದರಿಂದಲೂ ದಿಕ್ಕು ಸಿಗುತ್ತದೆ. ಅದಕ್ಕೆ ಬಜೆಟ್ ಇಲ್ಲವಂತೆ. ವಿಡಿಯೋ ಮಾಡಲು ಡೇಟಾ ಪ್ಯಾಕ್‌ಗೆ ಇದೆ.

ಮೋರಿ ಮಾಡಿದ್ದೇನು? ಕ್ಯಾಲಿಬ್ರೇಷನ್ ಅಂದರೆ ಡ್ರೋನು ತನ್ನ ಮೈಯಲ್ಲಿರೋ ಕಬ್ಬಿಣ, ಮೋಟಾರಿನ ಅಯಸ್ಕಾಂತ ಎಷ್ಟು ಎಳೆಯುತ್ತಿದೆ ಅಂತ ಲೆಕ್ಕ ಹಾಕಿ ಕಳೆದುಕೊಳ್ಳೋದು. ನಾವು ಕಬ್ಬಿಣದ ರಾಡ್ ತುಂಬಿದ ಸ್ಲ್ಯಾಬ್ ಮೇಲೆ, ಪಿಕಪ್ ಪಕ್ಕ ನಿಂತು ತಿರುಗಿಸಿದೆವು. ಮೋರಿಯ ಕಬ್ಬಿಣವನ್ನೂ ತನ್ನ ಮೈಯದ್ದೇ ಅಂದುಕೊಂಡು ಅದು ಲೆಕ್ಕ ಬರೆದುಕೊಂಡಿತು, ಹೊಲಕ್ಕೆ ಹೋದ ಮೇಲೂ ಅದನ್ನೇ ಕಳೆಯುತ್ತಾ ಕೂತಿತು. ಲಾಗಿನಲ್ಲಿ ಹಿಂದಿನ ದಿನ 100ರ ಆಸುಪಾಸಿನಲ್ಲಿದ್ದ, ಹೀಗೆ ಕಳೆಯುವ ಅಂಕಿ ಅಂದರೆ ಆಫ್‌ಸೆಟ್ ಆ ದಿನ 500 ದಾಟಿತ್ತು. ಸುಮ್ನೆ ಹುಮನಾಬಾದಿನ ಹಳೇ ಕ್ಯಾಲಿಬ್ರೇಷನ್‌ನಲ್ಲೇ ಹಾರಿಸಿದ್ದರೂ ಬೀಳುತ್ತಿರಲಿಲ್ಲ ಅಂತ ನನ್ನ ಅಂದಾಜು.

ಆಫೀಸಿನವರು ಮಾತ್ರ "ಅಲ್ಲಿಯ ಕಪ್ಪು ಮಣ್ಣಿನ ಪ್ರಾಬ್ಲಂ" ಅಂತ ರಿಪೋರ್ಟ್ ಬರೆದರು. ಪೂರ್ತಿ ಸುಳ್ಳೇನಲ್ಲ. ಚಿಕ್ಕವರಿದ್ದಾಗ ಹಳೇ ಸ್ಪೀಕರಿನ ಅಯಸ್ಕಾಂತಕ್ಕೆ ದಾರ ಕಟ್ಟಿ ಹಳ್ಳದ ಉಸುಕಿನಲ್ಲಿ ಎಳೆದಿದ್ದೀವಿ, ಕರಿ ಪುಡಿ ಮುಳ್ಳಿನ ಹಾಗೆ ನಿಮಿರಿ ಅಂಟಿಕೊಳ್ಳುತ್ತಿತ್ತು. ನಮ್ಮ ಕರಿಕಲ್ಲಿನಲ್ಲಿ ಆ ಗುಣ ಇದೆ, ಬೀದರ್ ಕಡೆಯ ಕೆಂಪು ಕಲ್ಲಿನಲ್ಲಿ ಕಬ್ಬಿಣ ಜಾಸ್ತಿ. ಆದರೆ ಆ ಕೆಂಪು ನೆಲದ ಮೇಲೆ ಹಿಂದಿನ ದಿನ ಗೆರೆ ಎಳೆದ ಹಾಗೆ ಹಾರಿದೆಯಲ್ಲ?

ಇನ್ನೊಂದು ಹೇಳಬೇಕು. ನಮ್ಮ ಸೀನಿಯರ್ ಒಬ್ಬರಿಗೆ ವಾರಗಟ್ಟಲೆ ಕ್ಯಾಲಿಬ್ರೇಷನ್ ಆಗುತ್ತಲೇ ಇರಲಿಲ್ಲ. ಬೇರೆಯವರು ಹಿಡಿದರೆ ಸರಿ, ಅವರು ಹಿಡಿದರೆ ಫೇಲ್. ಕೈ ಸರಿ ಇಲ್ಲ ಅಂತ ನಾವು ನಕ್ಕೆವು. ನಿಜಕ್ಕೂ ಕೈಯದ್ದೇ ತಪ್ಪು. ಬೀದರಿನ ನಾನಕ್ ಝೀರಾ ಗುರುದ್ವಾರದ ಹತ್ತಿರ ಕೊಂಡ ದಪ್ಪ ಕಬ್ಬಿಣದ ಕಡಗ ಹಾಕಿಕೊಂಡಿದ್ದರು.

ಹಾಗಾದರೆ ಎಷ್ಟು ಸಲ ಮಾಡಬೇಕು ಅಂತ ಹೊಸ ಹುಡುಗರು ಕೇಳ್ತಾರೆ. ಡ್ರೋನ್ ಕಂಪನಿ ಡಿಜೆಐನ ಮ್ಯಾನುಯಲ್‌ಗಳಲ್ಲಿ 50 ಕಿ.ಮೀ.ಗಿಂತ ದೂರ ಹೋದಾಗ, 30 ದಿನಕ್ಕಿಂತ ಹೆಚ್ಚು ಹಾರಿಸದೆ ಇಟ್ಟಾಗ, ಇಲ್ಲಾ ಆ್ಯಪ್ ಕೇಳಿದಾಗ ಅಂತಿದೆ. ನಾನು ಅದಕ್ಕೆ ರಿಪೇರಿಯನ್ನೂ ಸೇರಿಸಿಕೊಂಡಿದ್ದೇನೆ, ಮೋಟಾರ್ ಬದಲಿಸಿದಾಗ, ವೈರ್ ಅಲ್ಲಾಡಿಸಿದಾಗ, ಬಿದ್ದು ಎದ್ದಾಗ. ದಿನಾ ಬೆಳಗ್ಗೆ ಅಂತೂ ಅಲ್ಲ. ದಿನಾ ಮಾಡಿದರೆ ದಿನಾ ಕೆಡಿಸೋಕೆ ಒಂದು ಚಾನ್ಸ್. ಮಾಡುವುದಾದರೆ ಕೆಸರಾದರೂ ಹೊಲದ ಒಳಗೆ ಹೋಗಿ ಮಾಡ್ತೀನಿ, ಫೋನು, ಬೀಗದ ಕೈ, ಪಾನಾ ಎಲ್ಲ ಪಿಕಪ್‌ನಲ್ಲಿ ಬಿಟ್ಟು. ಫೇಲ್ ಆದರೆ ಜಾಗ ಬದಲಿಸ್ತೀನಿ, ಸೆಟ್ಟಿಂಗ್ ಅಲ್ಲ. ದಿನಾ ಮಾಡೋದು ಬಾಣ ನೋಡೋದು. ಮೂತಿ ಮರಕ್ಕಿದ್ದರೆ ಬಾಣವೂ ಮರಕ್ಕೇ ಇರಬೇಕು. ಆಮೇಲೆ ಖಾಲಿ ಟ್ಯಾಂಕಿನಲ್ಲಿ 20 ಸೆಕೆಂಡ್ ನಿಂತಲ್ಲೇ ಹಾರಿಸೋದು, ಬೆರಳು ಆಲ್ಟ್ ಹೋಲ್ಡ್ ಮೇಲೆ.

ವಾರದ ಮೇಲೆ ಅದೇ ಹೊಲಕ್ಕೆ ಮತ್ತೆ ಹೋದೆವು, ಆರು ಎಕರೆ ಹಾಗೇ ಬಾಕಿ ಇತ್ತಲ್ಲ. ಹಿಂದಿನ ದಿನ 12 ಕಿ.ಮೀ. ದೂರದಲ್ಲೇ ಹಾರಿಸಿದ್ದೆ, ಕ್ಯಾಲಿಬ್ರೇಷನ್ ಬೇಕಿರಲಿಲ್ಲ. 6ರ ಮೆಸೇಜ್ ಬಂತು. ಮೋರಿಯ ಮೇಲಿನ ಹಳೇ ವಿಡಿಯೋವನ್ನೇ ಮತ್ತೆ ಹಾಕಿದೆ, ಹಿಂದೆ ಪಿಕಪ್ ಕಾಣುತ್ತಿರುವುದು. ಎರಡು ನಿಮಿಷದಲ್ಲಿ ಹೆಬ್ಬೆಟ್ಟು ಬಂತು.

ಕಾಕಾ ಒಡ್ಡಿನ ಮೇಲೆ ಕಾಯುತ್ತಿದ್ದರು. ಟ್ರ್ಯಾಕ್ಟರನ್ನು ಆಚೆ ರಸ್ತೆಯಲ್ಲೇ ನಿಲ್ಲಿಸಿದ್ದರು. "ಕುಡಗೋಲೂ ಮನ್ಯಾಗ ಇಟ್ಟು ಬಂದೀನಿ ತಮ್ಮಾ," ಅಂದರು. "ಉಡದಾರ ನೂಲಿಂದೇ ಅದ. ನಡೀತಾದೇನು?"