ಹಾಳೆ ಮಗುಚಲು ಒಂದು ಕೈ ಬಿಡುವಿರಬೇಕು

ಕಳೆದ ಕ್ರಿಸ್‌ಮಸ್ ಪ್ರಾಕ್ಟೀಸಿನಲ್ಲಿ ಹಾಡಿನ ನಡುವೆ ನಾನು ನುಡಿಸುತ್ತಿದ್ದ ಕೀಬೋರ್ಡ್ ನಿಂತುಹೋಯಿತು. ಮೂರನೇ ಪುಟ ಮುಗಿದಿತ್ತು, ನನ್ನ ಎರಡೂ ಕೈಗೆ ಭರ್ತಿ ಕೆಲಸ. ಕ್ವಾಯರ್‌ನವರು ಇನ್ನೆರಡು ಬಾರ್ (ಗೆರೆ ಹಾಕಿ ಭಾಗ ಮಾಡಿದ ತಾಳದ ಅಳತೆ) ಹಾಡಿ ಒಬ್ಬೊಬ್ಬರಾಗಿ ಸುಮ್ಮನಾದರು. ಆ ನೊಟೇಷನ್ ಅನ್ನು ಸ್ವರ ಬರೆಯುವ ಸಾಫ್ಟ್‌ವೇರ್ ಆದ ಮ್ಯೂಸ್‌ಸ್ಕೋರ್‌ನಲ್ಲಿ ಕೂರಿಸಿದವನು ನಾನೇ. ಸ್ವರಗಳನ್ನು ಮೂರು ಸಲ ತಾಳೆ ನೋಡಿದ್ದೆ, ಪುಟ ಎಲ್ಲಿ ಮುಗಿಯುತ್ತದೆಂದು ಒಮ್ಮೆಯೂ ನೋಡಿರಲಿಲ್ಲ.

ನಾವು ಎ3 ಹಾಳೆಯಲ್ಲಿ ಪ್ರಿಂಟ್ ತೆಗೆದು ನಡುವೆ ಮಡಚುತ್ತೇವೆ, ನಾಲ್ಕು ಪುಟ. ಬಿಚ್ಚಿಟ್ಟರೆ 2 ಮತ್ತು 3 ಒಟ್ಟಿಗೆ ಕಾಣುವುದರಿಂದ ಮಗುಚಬೇಕಾದದ್ದು 1ರ ಕೊನೆಗೆ, 3ರ ಕೊನೆಗೆ ಮಾತ್ರ. ಅಲ್ಲಿ ಒಂದು ಕೈಗಾದರೂ ರೆಸ್ಟ್ (ನುಡಿಸದೆ ಬಿಡುವ ಜಾಗ) ಇರಲೇಬೇಕು. ನಮ್ಮ ಹಾಡಿನ 41ನೇ ಬಾರ್‌ನಲ್ಲಿ ಎಡಗೈ ಪೂರ್ತಿ ಖಾಲಿ. ಸಾಫ್ಟ್‌ವೇರ್ ಪುಟ ಮುಗಿಸಿದ್ದು 44ಕ್ಕೆ.

ಮನೆಗೆ ಬಂದು 41ನ್ನು ಸೆಲೆಕ್ಟ್ ಮಾಡಿ ಕಂಟ್ರೋಲ್ ಹಿಡಿದು ಎಂಟರ್ ಒತ್ತಿದೆ. (ಬರೀ ಎಂಟರ್ ಒತ್ತಿದರೆ ಸಾಲು ಮಾತ್ರ ಮುರಿಯುತ್ತದೆ.) ಪುಟ ಸರಿಯಾದ ಕಡೆ ಮುಗಿಯಿತು, ಆದರೆ ಒಂದು ಸಾಲು ಕಡಿಮೆಯಾದ ಮೂರನೇ ಪುಟವನ್ನು ತುಂಬಿಸಲು ಉಳಿದ ಸಾಲುಗಳು ಕೆಳಗಿನವರೆಗೂ ಹರಡಿಕೊಂಡವು. ಫಾರ್ಮ್ಯಾಟ್‌ನ ಸ್ಟೈಲ್‌ನಲ್ಲಿ ಪೇಜ್ ಭಾಗಕ್ಕೆ ಹೋಗಿ ಸಾಲುಗಳ ಗರಿಷ್ಠ ಅಂತರ ಇಳಿಸಿದೆ. ಪುಟದ ಅಡಿಯಲ್ಲಿ ಬಿಳಿ ಜಾಗ ಉಳಿಯಿತು. ಉಳಿಯಲಿ, ಕಣ್ಣಿಗೆ ಹಿತವಾಗಿಯೇ ಇದೆ.

ನಾಲ್ಕನೇ ಪುಟ ಉಕ್ಕಿ ಐದಕ್ಕೆ ಒಂದು ಸಾಲು ಚೆಲ್ಲಿತು. ಸ್ಟಾಫ್‌ನ (ಸ್ವರ ಕೂರುವ ಐದು ಗೆರೆಗಳ) ಗಾತ್ರ ಇಳಿಸಿದ್ದರೆ ಒಂದೇ ನಿಮಿಷದ ಕೆಲಸ. ಆದರೆ ನಮ್ಮ ಬೇಸ್ (ಗಂಡಸರ ತಗ್ಗು ದನಿ) ಹಾಡುವವರಲ್ಲಿ ಅರ್ಧ ಜನ ಅರುವತ್ತು ದಾಟಿದವರು, ಓದುವುದು ಟ್ಯೂಬ್‌ಲೈಟಿನಲ್ಲಿ. ಅದಕ್ಕೆ ನಾನು ಒಪ್ಪಲಿಲ್ಲ. ಪಲ್ಲವಿಯಲ್ಲಿ ಉದ್ದ ಸ್ವರಗಳೇ ಇರುವ ಕಡೆ ಸಾಲಿಗೆ ನಾಲ್ಕರ ಬದಲು ಐದು ಬಾರ್ ಕೂರಿಸಿದೆ. ಸಾಲು ವಾಪಸ್ ಬಂತು.

ಹೆಚ್ಚು ಹೊತ್ತು ಹಿಡಿದದ್ದು ಸಾಹಿತ್ಯ. ನಮ್ಮ ಅಕ್ಷರಕ್ಕೆ ಕೆಳಗೆ ಒತ್ತು, ಮೇಲೆ ಗುಡಿಸು. ಮೊದಲ ಚರಣದ ‘ಸ್ತೋತ್ರ’ದ ತ-ಒತ್ತು, ರ-ಒತ್ತು ಎರಡೂ ಇಳಿದು ಎರಡನೇ ಚರಣದ ‘ಕೀರ್ತಿ’ಯ ನೆತ್ತಿಗೆ ತಾಗಿದ್ದವು. ಆಲ್ಟೋ (ಹೆಂಗಸರ ತಗ್ಗು ದನಿ) ಹಾಡುವ ಅಕ್ಕ ಒಬ್ಬರು ಪೆನ್ಸಿಲ್‌ನಲ್ಲಿ ಅದನ್ನು ಬಿಡಿಸಿ ಬರೆದುಕೊಂಡಿದ್ದರು. ಅದನ್ನು ನೋಡಿ ನನಗೆ ಬಹಳ ಬೇಸರವಾಯಿತು. ಸಾಹಿತ್ಯದ ಸಾಲಿನ ಎತ್ತರವನ್ನು 100ರಿಂದ 130 ಶೇಕಡಾಕ್ಕೆ ಏರಿಸಿದೆ, ಅಕ್ಷರಗಳು ಬಿಡಿಬಿಡಿಯಾದವು. ಎತ್ತರ ಏರಿದ್ದೇ ತಡ, ಪುಟಗಳ ಲೆಕ್ಕವೆಲ್ಲ ಮತ್ತೆ ಅಡಿಮೇಲು! ‘ಸ್ತೋ’ದಂಥ ಅಗಲದ ಅಕ್ಷರ ಪುಟ್ಟ ಸ್ವರದ ಕೆಳಗೆ ಬಂದರೆ ಬಾರ್ ಕೂಡ ಹಿಗ್ಗುತ್ತದೆ. ಹಾಗಾಗಿ ಈಗ ಮೂರೂ ಚರಣ ತುಂಬಿಸಿ, ಎತ್ತರ ಸರಿಮಾಡಿ, ಆಮೇಲಷ್ಟೇ ಪುಟ ಮುರಿಯುತ್ತೇನೆ.

ಲಿಲಿಪಾಂಡ್ ಎಂಬ ಇನ್ನೊಂದು ನೊಟೇಷನ್ ಸಾಫ್ಟ್‌ವೇರ್ ಬಳಸುವವರಿಗೆ ರೆಸ್ಟ್ ಇರುವ ಕಡೆ ನೋಡಿ ತಾನೇ ಪುಟ ಮುಗಿಸುವ ಏರ್ಪಾಡು ಅದರಲ್ಲೇ ಇದೆ. ನನ್ನ ಕಡತಗಳೆಲ್ಲ ಮ್ಯೂಸ್‌ಸ್ಕೋರ್‌ನಲ್ಲಿರುವುದರಿಂದ ನಾನಿನ್ನೂ ಅತ್ತ ಹೋಗಿಲ್ಲ.

ಈಸ್ಟರ್‌ಗೆ ಎರಡು ಪುಟದ ಹಾಡೊಂದನ್ನು ನಿನ್ನೆ ರಾತ್ರಿ ಮುಗಿಸಿದೆ. ಮೊದಲ ಪುಟದಲ್ಲಿ ಹಾಡಿನ ಹೆಸರಷ್ಟೇ. ಸ್ವರವೆಲ್ಲ 2 ಮತ್ತು 3ರಲ್ಲಿದೆ, ಮಗುಚುವ ಕೆಲಸವೇ ಇಲ್ಲ.