ಫಿಲೋಮಿನಾ ಚರ್ಚ್‌ನ ರಟ್ಟಿನ ಮಾದರಿ: ಎಡಗಡೆ ಗೋಪುರ ನಿಂತಿತು

ಹನ್ನೊಂದನೇ ವಾರ. ಮೈಸೂರಿನ ಸಂತ ಫಿಲೋಮಿನಾ ಚರ್ಚ್‌ನ ಎಡಗಡೆ ಗೋಪುರ ಕೊನೆಗೂ ನೆಟ್ಟಗೆ ನಿಂತಿದೆ. ನಿನ್ನೆ ರಾತ್ರಿ ಊಟ ಮುಗಿಸಿ, ಅದನ್ನು ಮೇಜಿನ ಮೇಲಿಟ್ಟುಕೊಂಡು ಸುಮ್ನೆ ನೋಡುತ್ತಾ ಕೂತಿದ್ದೆ.

ಅಳತೆ ಹೀಗಿದೆ. ನಿಜವಾದ ಗೋಪುರಗಳ ಎತ್ತರ 175 ಅಡಿ, ಅಂದರೆ ಸುಮಾರು 53 ಮೀಟರ್. ನಾನು ನೂರಕ್ಕೆ ಒಂದರ ಲೆಕ್ಕದಲ್ಲಿ ಮಾಡುತ್ತಿದ್ದೇನೆ, ಹಾಗಾಗಿ ನನ್ನದು 53 ಸೆಂಟಿಮೀಟರ್. ಈ ಚರ್ಚ್‌ಗೆ ಮಾದರಿಯಾದದ್ದು ಜರ್ಮನಿಯ ಕಲೋನ್ ಕೆಥೆಡ್ರಲ್. ಅದರ ಗೋಪುರಗಳು ಸುಮಾರು 157 ಮೀಟರ್. ಇದೇ ಲೆಕ್ಕದಲ್ಲಿ ಅದನ್ನು ಮಾಡಿದರೆ ನನ್ನ ಕಿವಿಯ ಮಟ್ಟಕ್ಕೆ ಬರುತ್ತದೆ! ಆ ಕಟ್ಟಡ 1248ರಲ್ಲಿ ಶುರುವಾಗಿ 1880ರಲ್ಲಿ ಮುಗಿಯಿತು. ನಮ್ಮದಕ್ಕೆ ನಾಲ್ವಡಿ ಕೃಷ್ಣರಾಜ ಒಡೆಯರ್ ಅಡಿಗಲ್ಲು ಹಾಕಿದ್ದು 1933ರ ಅಕ್ಟೋಬರ್ 28ರಂದು. ಅದೇ ಜಾಗದಲ್ಲಿ ಅದಕ್ಕೂ ಮೊದಲು ಒಂದು ಚಿಕ್ಕ ಚರ್ಚ್ ಇತ್ತು. ಅದು 1843ರದ್ದು, ಮುಮ್ಮಡಿ ಕೃಷ್ಣರಾಜ ಒಡೆಯರ್ ಕಾಲದ್ದು. ಅಜ್ಜನ ಕಾಲದ ಚರ್ಚ್ ಇದ್ದ ಕಡೆ ಮೊಮ್ಮಗ ದೊಡ್ಡದಕ್ಕೆ ಕಲ್ಲಿಟ್ಟಿದ್ದಾರೆ. ಅಶೋಕ ರಸ್ತೆಯಲ್ಲಿ ಎಷ್ಟೋ ಸಲ ಓಡಾಡಿದ್ದರೂ ಇದು ನನಗೆ ಗೊತ್ತಿರಲಿಲ್ಲ.

ಹಿಂದಿನ ಎರಡು ವಾರ ಕಮಾನುಗಳಲ್ಲೇ ಹೋಯಿತು. ಈ ಚರ್ಚ್ ಗೋಥಿಕ್ ಶೈಲಿಯದು, ಅಂದರೆ ಯುರೋಪಿನ ಹಳೇ ಚರ್ಚ್‌ಗಳ ಶೈಲಿ. ಗೋಥಿಕ್ ಕಮಾನು ಚೂಪು, ಅದು ಎಲ್ಲರಿಗೂ ಕಾಣುತ್ತದೆ. ಯಾಕೆ ಚೂಪು ಅನ್ನುವುದು ಕೈವಾರ ಹಿಡಿದಾಗಲೇ ನನಗೆ ಅರ್ಥವಾಗಿದ್ದು. ಅರ್ಧ ವೃತ್ತದ ಕಮಾನಿನ ಎತ್ತರ ಯಾವಾಗಲೂ ಅಗಲದ ಅರ್ಧ. 4 ಸೆಂ.ಮೀ. ಅಗಲಕ್ಕೆ 2 ಸೆಂ.ಮೀ., ಅಷ್ಟೇ. ಅದೇ ಅಗಲಕ್ಕೆ ಎರಡೂ ತುದಿಯಲ್ಲಿ ಮುಳ್ಳು ಊರಿ, 4 ಸೆಂ.ಮೀ. ತ್ರಿಜ್ಯದ ಎರಡು ಕಂಸ ಎಳೆದರೆ ಅವು 3.46 ಸೆಂ.ಮೀ. ಎತ್ತರದಲ್ಲಿ ಕೂಡುತ್ತವೆ. ತ್ರಿಜ್ಯ ಹೆಚ್ಚಿಸಿದರೆ ಇನ್ನೂ ಮೇಲೆ. ಹಾಗಾಗಿ ಅಗಲ ಕಮಾನು, ಕಿರಿದಾದ ಕಮಾನು ಎರಡನ್ನೂ ಒಂದೇ ಎತ್ತರಕ್ಕೆ ತರಬಹುದು. ಭಾರವೂ ಅಕ್ಕಪಕ್ಕಕ್ಕೆ ಅಷ್ಟು ತಳ್ಳದೆ ಜಾಸ್ತಿ ಪಾಲು ಕೆಳಕ್ಕೇ ಇಳಿಯುತ್ತದೆ. ಎಂಥ ಚೆಂದದ ಉಪಾಯ ಅಲ್ವಾ?

ನಿಜವಾದ ಕಷ್ಟ ಗೋಪುರದಲ್ಲಿತ್ತು. ಕೆಳಗೆ ಅದು ಚೌಕ, ಮೇಲಿನ ಮೊನೆ ಎಂಟು ಮುಖದ್ದು. ಚೌಕದ ಮೇಲೆ ಅಷ್ಟಕೋನ ಕೂರಿಸುವುದು ಹೇಗೆ? ಫೋಟೋಗಳನ್ನು ನೋಡಿ ನನ್ನ ಚೌಕಕ್ಕೆ 6 ಸೆಂ.ಮೀ. ಅಂದಾಜು ಮಾಡಿದ್ದೆ. ಪ್ರತಿ ಮೂಲೆಯಿಂದ ಎರಡೂ ಕಡೆ 1.76 ಸೆಂ.ಮೀ.ಗೆ ಗುರುತು ಹಾಕಿದರೆ ನಡುವೆ 2.48 ಉಳಿಯುತ್ತದೆ, ಎಂಟೂ ಬದಿ ಸಮ ಬರುತ್ತವೆ. ಮೊದಲ ಸಲ ಗಮ್ ಜಾಸ್ತಿ ಬಳಿದಿದ್ದೆ. ರಟ್ಟು ನೀರು ಕುಡಿದು ಬಾಗಿತು, ಬೆಳಗ್ಗೆ ನೋಡಿದರೆ ಮೊನೆ ಒಂದು ಪಕ್ಕಕ್ಕೆ ವಾಲಿತ್ತು. ತುಂಬ ಬೇಜಾರಾಯಿತು. ಈ ಸಲ ಅಂಚಿಗೆ ಮಾತ್ರ ಬೆಂಕಿಕಡ್ಡಿಯ ತುದಿಯಿಂದ ಗಮ್ ಹಚ್ಚಿ, ಒಳಗೆ ಎರಡು ಅಡ್ಡಪಟ್ಟಿ ಕೊಟ್ಟೆ. ನಿಂತಿತು.

ಮೊನೆ ಕೂರಿಸಿದ ಮೇಲೆ ಚೌಕದ ನಾಲ್ಕೂ ಮೂಲೆಯಲ್ಲಿ ಒಂದೊಂದು ತ್ರಿಕೋನದ ಜಾಗ ಬೋಳಾಗಿ ಉಳಿಯಿತು. ನೋಡೋಕೆ ಚೆನ್ನಾಗಿರಲಿಲ್ಲ. ಫೋಟೋ ತೆಗೆದು ನೋಡಿದರೆ, ಚರ್ಚ್‌ನಲ್ಲಿ ಸಣ್ಣ ಮರಿಗೋಪುರಗಳು ಇರುವುದು ಸರಿಯಾಗಿ ಅಲ್ಲೇ! ಇಷ್ಟು ದಿನ ಅವು ಬರೀ ಅಲಂಕಾರ ಅಂದುಕೊಂಡಿದ್ದೆ. ಹಳೇ ಕಲ್ಲಿನ ಗೋಥಿಕ್ ಚರ್ಚ್‌ಗಳಲ್ಲಂತೂ ಆಸರೆ ಕಂಬಗಳ ಮೇಲೆ ಇಂಥವನ್ನು ಇಟ್ಟು, ಆ ಭಾರದಿಂದಲೇ ಕಂಬ ಹೊರಕ್ಕೆ ವಾಲದಂತೆ ಒತ್ತಿ ಹಿಡಿಯುತ್ತಿದ್ದರು. ನಾಲ್ಕು ಮರಿಗೋಪುರ ಅಂಟಿಸಿದ ಮೇಲೆ ನನ್ನ ರಟ್ಟಿನ ತುಂಡು ಮೊದಲ ಸಲ ಆ ಚರ್ಚ್‌ನಂತೆ ಕಂಡಿತು.

ನೆಲದ ನಕ್ಷೆ ಶಿಲುಬೆಯ ಆಕಾರದ್ದು, ಅದನ್ನು ಮೊದಲೇ ಕತ್ತರಿಸಿಟ್ಟಿದ್ದೇನೆ. ಪೂಜಾಪೀಠದ ಕೆಳಗಿನ ನೆಲಮಾಳಿಗೆಯಲ್ಲಿ ಸಂತ ಫಿಲೋಮಿನಾಳ ಪ್ರತಿಮೆ ಇದೆ. ಅದನ್ನೂ ಬಿಡಲು ಮನಸ್ಸಿಲ್ಲ, ಆ ಭಾಗದ ನೆಲವನ್ನು ಎತ್ತಿ ನೋಡುವ ಮುಚ್ಚಳದಂತೆ ಮಾಡುತ್ತೇನೆ.

ಮುಂದಿನ ವಾರ ಬಲಗಡೆ ಗೋಪುರ. ಪಟ್ಟಿಗಳನ್ನು ಈಗಲೇ ಕತ್ತರಿಸಿ, ಬಾಗದಿರಲಿ ಅಂತ ದಪ್ಪ ಪುಸ್ತಕಗಳ ಕೆಳಗೆ ಇಟ್ಟಿದ್ದೇನೆ. ಕಿಟಕಿಗಳಿಗೆ ಬಟರ್ ಪೇಪರ್ ಮೇಲೆ ಬಣ್ಣ ಹಚ್ಚಿ ನೋಡಿದೆ. ಹಿಂದಿನಿಂದ ಟಾರ್ಚ್ ಬಿಟ್ಟರೆ ನೀಲಿ ಚೆನ್ನಾಗಿ ಬರುತ್ತಿದೆ, ಕೆಂಪು ಇನ್ನೂ ಮಂಕು.